ಥೀಮ್ ಪಾರ್ಕ್ ರಜೆಯಲ್ಲಿ ನಾನೊಬ್ಬಳೇ, ಜೊತೆಗೆ ಎರಡು ವರ್ಷದ ಮಗ: ರೆಸ್ಟೋರೆಂಟ್ ಊಟ ಹೇಗೆ ನಿಭಾಯಿಸಲಿ?

ಎರಡು ವರ್ಷದ ಮಗನನ್ನು ಕರೆದುಕೊಂಡು ನೀವೊಬ್ಬರೇ ಹೊರಟಿದ್ದೀರಿ. ರೈಡ್‌ಗಳ ಬಗ್ಗೆ ಚಿಂತೆ ಇಲ್ಲ, ಊಟದ್ದೇ ಚಿಂತೆ ಅಂತ ಬರೆದಿದ್ದೀರಿ. ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಟ್ರೇ ಇದ್ದರೆ ಏನು ಮಾಡೋದು, ಊಟದ ಮಧ್ಯೆ ಟಾಯ್ಲೆಟ್‌ಗೆ ಹೋಗಬೇಕಾದರೆ ಹೇಗೆ, ಅವನು ರಚ್ಚೆ ಹಿಡಿದರೆ ಏನು ಗತಿ, ರಾತ್ರಿ ಒಂದು ಸಲವಾದರೂ ನೆಮ್ಮದಿಯಾಗಿ ಕೂತು ಊಟ ಮಾಡೋಕೆ ಆಗುತ್ತಾ ಅಂತ ಕೇಳಿದ್ದೀರಿ. ನನ್ನ ಮಗಳು ಅದೇ ವಯಸ್ಸಿನಲ್ಲಿದ್ದಾಗ ನಾನೂ ಒಬ್ಬನೇ ಅವಳನ್ನು ಕರೆದುಕೊಂಡು ಇಂಥ ರಜೆಗೆ ಹೋಗಿದ್ದೆ. ನೀವು ಚಿಂತೆ ಮಾಡುತ್ತಿರುವುದು ಸರಿಯಾಗಿಯೇ ಇದೆ. ರೈಡ್ ಹತ್ತಿರ ನೋಡಿಕೊಳ್ಳಲು ಸಿಬ್ಬಂದಿ ಇರುತ್ತಾರೆ. ಊಟದ ಟೇಬಲ್‌ನಲ್ಲಿ ಇರುವುದು ನೀವಿಬ್ಬರೇ.

ಎಲ್ಲಿ ಊಟ ಮಾಡೋಣ ಅಂತ ಯೋಚಿಸುವಾಗ ನಾನು ಮೆನು ನೋಡುವುದಕ್ಕೂ ಮೊದಲು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತಿದ್ದೆ: ಇಲ್ಲಿ ಒಂದು ಸಲ ಕೂತ ಮೇಲೆ ನಾನು ಎಷ್ಟು ಸಲ ಏಳಬೇಕಾಗುತ್ತದೆ? ಇಬ್ಬರು ದೊಡ್ಡವರಿದ್ದರೆ ಇದು ತಲೆಗೇ ಬರುವುದಿಲ್ಲ. ಒಬ್ಬರು ಮಗುವಿನ ಜೊತೆ ಕೂರುತ್ತಾರೆ, ಇನ್ನೊಬ್ಬರು ಹೋಗಿ ತರುತ್ತಾರೆ. ಒಬ್ಬರೇ ಇದ್ದಾಗ ಹಾಗಲ್ಲ. ಒಂದು ಚಮಚ ತರಬೇಕೆಂದರೂ ಹೈ ಚೇರ್‌ನ (ಪುಟ್ಟ ಮಕ್ಕಳನ್ನು ಕೂರಿಸುವ ಎತ್ತರದ ಕುರ್ಚಿ) ಬೆಲ್ಟ್ ಬಿಚ್ಚಿ ಮಗುವನ್ನು ಎತ್ತಿಕೊಂಡೇ ಹೋಗಬೇಕು. ವಾಪಸ್ ಬಂದು ಕೂರಿಸಲು ಹೋದರೆ ಬೆನ್ನು ಬಿಲ್ಲಿನ ಹಾಗೆ ಬಗ್ಗಿಸಿ, ಕಾಲು ಸೆಟೆಸಿ, ಕೂರುವುದೇ ಇಲ್ಲ ಅನ್ನುತ್ತಾರೆ. ಪ್ರತಿ ಸಲ ಎದ್ದಾಗಲೂ ಇದೇ ಕಥೆ. ಅದಕ್ಕೇ ರುಚಿ, ಅಲಂಕಾರ, ಹೆಸರು ಎಲ್ಲ ಆಮೇಲೆ. ಏಳುವ ಕೆಲಸ ಎಲ್ಲಿ ಕಡಿಮೆಯೋ ಅಲ್ಲಿಗೆ ಹೋಗಿ.

ಈ ಲೆಕ್ಕದಲ್ಲಿ ಬಫೆ ಕೊನೆಗೆ ಬರುತ್ತದೆ. ಕಾಯಬೇಕಾಗಿಲ್ಲ, ಮಗುವಿಗೆ ಬೇಕಾದ್ದು ಆರಿಸಬಹುದು, ಹಾಗಾಗಿ ಪುಟ್ಟ ಮಕ್ಕಳಿಗೆ ಬಫೆಯೇ ಒಳ್ಳೆಯದು ಅಂತ ತುಂಬಾ ಜನ ಹೇಳುತ್ತಾರೆ. ಇಬ್ಬರಿದ್ದರೆ ಅದು ನಿಜ. ಒಬ್ಬರಿಗೆ ಬಿಸಿ ಪಾತ್ರೆಗಳ ಮುಂದೆ ಮಗುವನ್ನು ಸೊಂಟದ ಮೇಲೆ ಇಟ್ಟುಕೊಂಡು ತಟ್ಟೆ ತುಂಬಿಸುವುದು ಕಷ್ಟ, ಅಪಾಯ ಕೂಡ. ಆ ವಯಸ್ಸಿನ ಕೈಗೆ ಸಿಕ್ಕಿದ್ದೆಲ್ಲ ಬೇಕು. ಮಗುವನ್ನು ಟೇಬಲ್‌ನಲ್ಲಿ ಬಿಟ್ಟು ಹೋಗುವ ಮಾತೇ ಇಲ್ಲ, ಹೈ ಚೇರ್ ಬೆಲ್ಟ್ ಹಾಕಿದ್ದರೂ ಸರಿ, ಪಕ್ಕದ ಟೇಬಲ್‌ನವರು ಎಷ್ಟು ಒಳ್ಳೆಯವರಾಗಿ ಕಂಡರೂ ಸರಿ. ಬಫೆಗೇ ಹೋಗಬೇಕಾಗಿ ಬಂದರೆ ಕೂರುವ ಮೊದಲೇ ಅಲ್ಲಿನವರಿಗೆ ಹೇಳಿ: ‘ನಾನೊಬ್ಬಳೇ ಇದ್ದೇನೆ, ತಟ್ಟೆ ಹಿಡಿದುಕೊಳ್ಳಲು ಯಾರಾದರೂ ಜೊತೆಗೆ ಬರುತ್ತೀರಾ?’ ಸ್ಪಷ್ಟವಾಗಿ ಕೇಳಿದರೆ ಸಾಮಾನ್ಯವಾಗಿ ಬರುತ್ತಾರೆ. ನೀವು ಮಗುವನ್ನು ಎತ್ತಿಕೊಂಡು ಬೇಕಾದ್ದು ತೋರಿಸಿ, ಅವರು ಬಡಿಸಿಕೊಂಡು ಟೇಬಲ್‌ಗೆ ತಂದುಕೊಡಲಿ. ಇಬ್ಬರಿಗೂ ಬೇಕಾದ್ದೆಲ್ಲ ಆ ಒಂದೇ ಸುತ್ತಿನಲ್ಲಿ ತಂದುಬಿಡಿ.

ಕೌಂಟರ್‌ನಲ್ಲಿ ತೆಗೆದುಕೊಳ್ಳುವ ಜಾಗಗಳು ಮಧ್ಯದಲ್ಲಿ. ಪಾರ್ಕ್‌ನ ಆ್ಯಪ್‌ನಲ್ಲಿ ಮೊದಲೇ ಆರ್ಡರ್ ಮಾಡುವ ಸೌಲಭ್ಯ ಇದ್ದರೆ ಅರ್ಧ ತಲೆನೋವು ಕಡಿಮೆ, ಸರತಿಯಲ್ಲಿ ನಿಲ್ಲಬೇಕಾಗಿಲ್ಲ. ಆದರೂ ಟ್ರೇ ಹೊರುವ ಕೆಲಸ ಉಳಿಯುತ್ತದೆ. ಅದಕ್ಕೆ ‘ಪಾರ್ಸೆಲ್ ಮಾಡಿಕೊಡಿ’ ಅನ್ನಿ, ಅಲ್ಲೇ ಕೂತು ತಿನ್ನುವುದಾದರೂ ಕೂಡ. ಮುಚ್ಚಿದ ಡಬ್ಬಿ, ಮುಚ್ಚಳದ ಲೋಟ ಚೀಲದಲ್ಲಿ ಬಂದರೆ ಒಂದು ಕೈ ಸಾಕು. ಬಿಸಿ ಪಾನೀಯ ಮಾತ್ರ ಆ ಚೀಲದಲ್ಲೂ ಬೇಡ, ಸ್ಟ್ರೋಲರ್ (ಮಗುವನ್ನು ಕೂರಿಸಿ ತಳ್ಳುವ ಗಾಡಿ) ಮೇಲೂ ಬೇಡ. ಇನ್ನೊಂದು ವಿಷಯ: ಕೆಲವು ರೆಸ್ಟೋರೆಂಟ್‌ಗಳು ಸ್ಟ್ರೋಲರನ್ನು ಒಳಗೆ ಬಿಡುವುದಿಲ್ಲ, ಹೊರಗೇ ನಿಲ್ಲಿಸಬೇಕು. ಪರ್ಸು, ಫೋನು, ಮಗುವಿನ ಔಷಧಿ ಸ್ಟ್ರೋಲರ್ ಬುಟ್ಟಿಯಲ್ಲಿ ಇಡದೆ, ಮೈಗೆ ಅಡ್ಡ ಹಾಕಿಕೊಳ್ಳುವ ಚೀಲದಲ್ಲೇ ಇಟ್ಟುಕೊಳ್ಳಿ.

ಒಬ್ಬರೇ ಇರುವವರಿಗೆ ನಾನು ಧೈರ್ಯವಾಗಿ ಹೇಳುವುದು, ವೇಟರ್ ಬಂದು ಬಡಿಸುವ ಜಾಗಕ್ಕೇ ಹೋಗಿ. ಪುಟ್ಟ ಮಗು ಇದ್ದರೆ ಅಂಥ ಕಡೆ ಹೋಗಬಾರದು ಅನ್ನುವ ಅಂಜಿಕೆ ನಮ್ಮೆಲ್ಲರಲ್ಲೂ ಇದೆ. ಆದರೆ ನೀರು, ಚಮಚ, ಟಿಶ್ಯೂ ಎಲ್ಲ ನಿಮ್ಮ ಹತ್ತಿರವೇ ಬರುವುದು ಅಲ್ಲಿ ಮಾತ್ರ ಅಲ್ವಾ? ಥೀಮ್ ಪಾರ್ಕ್‌ಗೆ ಬರುವವರಲ್ಲಿ ತುಂಬಾ ಜನ ಮಕ್ಕಳೊಂದಿಗರು. ಕಿರುಚಾಟ ಕೇಳಿ ಯಾರೂ ಬೆಚ್ಚಿಬೀಳುವುದಿಲ್ಲ. ದಿನಕ್ಕೆ ಒಂದು ಊಟ ಹೀಗೆ ಕೂತು ಮಾಡಿ, ಉಳಿದದ್ದು ಪಾರ್ಸೆಲ್ಲೋ ಚೀಲದ ತಿಂಡಿಯೋ ಆಗಲಿ. ಖರ್ಚೂ ಹಿಡಿತದಲ್ಲಿರುತ್ತದೆ.

ಅಂಥ ಊಟಕ್ಕೆ ಬೆಳಗ್ಗೆ 11 ಗಂಟೆ ಒಳ್ಳೆಯ ಹೊತ್ತು. 12ರಿಂದ 2ರ ತನಕ ಎಲ್ಲರೂ ಒಟ್ಟಿಗೆ ನುಗ್ಗುತ್ತಾರೆ. ಬೇಗ ಹೋದರೆ ಅಡುಗೆಮನೆ ಬಿಡುವಾಗಿರುತ್ತದೆ, ಒಳ್ಳೆಯ ಮೂಲೆ ಸಿಗುತ್ತದೆ, ಹಸಿವು ಅಳುವಾಗಿ ಬದಲಾಗುವ ಮೊದಲೇ ತಟ್ಟೆ ಮುಂದೆ ಇರುತ್ತದೆ. ಊಟ ಮುಗಿಸಿ ಹೊರಬಂದರೆ ಸ್ಟ್ರೋಲರ್‌ನಲ್ಲೇ ನಿದ್ದೆ ಹೋಗುತ್ತಾರೆ. ಟೇಬಲ್ ಬುಕ್ ಮಾಡುವಾಗ ‘ದೊಡ್ಡವರು ಒಬ್ಬರು, ಹೈ ಚೇರ್ ಒಂದು’ ಅಂತ ಬರೆಸಿ, ಗೋಡೆ ಪಕ್ಕದ ಜಾಗ ಕೇಳಿ. ಮಗು ಗೋಡೆ ಕಡೆ, ನೀವು ಓಡಾಡುವ ದಾರಿಯ ಕಡೆ ಕೂರಬೇಕು. ಬಿಸಿ ತಟ್ಟೆ ಹೊತ್ತವರು ಮಗುವಿನ ತಲೆ ಮೇಲೆ ಹಾದು ಹೋಗುವ ಹಾಗಿರಬಾರದು. ಹೈ ಚೇರ್ ಬೆಲ್ಟ್ ಸರಿಯಾಗಿ ಕಚ್ಚುತ್ತಾ ನೋಡಿ, ಕೆಟ್ಟಿದ್ದರೆ ಬೇರೆಯದು ಕೇಳಿ. ಟೇಬಲ್‌ಗೋ ಗೋಡೆಗೋ ಕಾಲು ಒದ್ದು ಕುರ್ಚಿಯನ್ನೇ ಹಿಂದಕ್ಕೆ ಬೀಳಿಸುವಷ್ಟು ಬಲ ಎರಡು ವರ್ಷದ ಕಾಲಿಗೆ ಇರುತ್ತದೆ, ಕಾಲಿಗೆ ಏನೂ ಎಟುಕದ ಹಾಗೆ ಇಡಿ. ನಿಮ್ಮ ಕಾಫಿ, ಟೀ ಅವನ ಕೈಗೆ ಎಟುಕದ ಕಡೆ ಇರಲಿ. ಮಾಡಿ 15 ನಿಮಿಷ ಕಳೆದ ಮೇಲೂ ಪುಟ್ಟ ಮಕ್ಕಳ ಚರ್ಮ ಸುಡುವಷ್ಟು ಬಿಸಿ ಅದರಲ್ಲಿ ಉಳಿದಿರುತ್ತದೆ.

ಇನ್ನು ಟಾಯ್ಲೆಟ್ ವಿಷಯ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಒಬ್ಬರೇ ಹೋದವರಿಗೆ ಎಲ್ಲಕ್ಕಿಂತ ಜಾಸ್ತಿ ಕಾಡುವುದು ಇದೇ. ಒಳಗೆ ಹೋಗುವ ಮೊದಲೇ ಇಬ್ಬರದೂ ಮುಗಿಸಿ, ಡೈಪರ್ ಬದಲಾಯಿಸಿ, ಸೋಪು ಹಾಕಿ ಕೈ ತೊಳೆದು ಬನ್ನಿ. ಕೈಗೆ ಹಚ್ಚುವ ಸ್ಯಾನಿಟೈಸರ್ ಇದ್ದರೆ ಸಾಕು ಅಂದುಕೊಳ್ಳಬೇಡಿ, ವಾಂತಿ ಭೇದಿ ತರುವ ನೊರೊವೈರಸ್ ಮೇಲೆ ಅದರ ಆಟ ಅಷ್ಟಾಗಿ ನಡೆಯುವುದಿಲ್ಲ, ಸೋಪು ನೀರೇ ಬೇಕು. ಕುಟುಂಬದವರಿಗೆಂದೇ ಇರುವ ದೊಡ್ಡ ಟಾಯ್ಲೆಟ್ ಎಲ್ಲಿದೆ ಅಂತ ಮ್ಯಾಪ್‌ನಲ್ಲಿ ಬೆಳಗ್ಗೆಯೇ ನೋಡಿಟ್ಟುಕೊಳ್ಳಿ. ಸ್ಟ್ರೋಲರ್ ಸಮೇತ ಒಳಗೆ ಹೋಗಲು ಸಾಮಾನ್ಯವಾಗಿ ಅದೇ ಅನುಕೂಲ.

ಇಷ್ಟಾದರೂ ಊಟದ ಮಧ್ಯೆ ಏಳಬೇಕಾಗಿ ಬರುತ್ತದೆ. ಒಮ್ಮೆ ನನ್ನ ತಟ್ಟೆ ಆಗಷ್ಟೇ ಬಂದಿತ್ತು, ಮಗಳ ಡೈಪರ್ ಸೋರಿ ಫ್ರಾಕೆಲ್ಲ ಒದ್ದೆ. ವೇಟರ್ ಹೆಂಗಸಿಗೆ ಹೇಳಿದೆ. ಅವರು ಒಂದು ಮಾತೂ ಕೇಳದೆ ನನ್ನ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಕವುಚಿ ಒಳಗೆ ಒಯ್ದರು. ಕುರ್ಚಿಯನ್ನು ಟೇಬಲ್‌ಗೆ ಒರಗಿಸಿ, ಈ ಜಾಗ ಖಾಲಿ ಇಲ್ಲ ಅಂತ ತೋರಿಸಲು ಮೆನು ಕಾರ್ಡನ್ನು ಅದರ ಮೇಲಿಟ್ಟರು. ನಾವು ಬಟ್ಟೆ ಬದಲಾಯಿಸಿ ವಾಪಸ್ ಬಂದಾಗ ಊಟ ಬಿಸಿಯಾಗಿಯೇ ಇತ್ತು. ಹಾಗಾಗಿ ಸುಮ್ನೆ ಎದ್ದು ಹೋಗಬೇಡಿ, ಹೇಳಿ ಹೋಗಿ. ಹೇಳದೆ ಹೋದರೆ ಬಿಟ್ಟು ಹೋದರು ಅಂದುಕೊಂಡು ಟೇಬಲ್ ಒರೆಸಿಬಿಡುತ್ತಾರೆ. ಚೀಲ ಮಾತ್ರ ನಿಮ್ಮ ಜೊತೆಗೇ ಬರಲಿ.

ಆರ್ಡರ್ ಬಗ್ಗೆ. ‘ಮಗುವಿನದನ್ನು ಮೊದಲು ತನ್ನಿ’ ಅಂತ ಹೇಳಿ ಅನ್ನುವ ಸಲಹೆ ಎಲ್ಲ ಕಡೆ ಸಿಗುತ್ತದೆ. ಒಬ್ಬರೇ ಇರುವಾಗ ಇದು ಉಲ್ಟಾ ಹೊಡೆಯುತ್ತದೆ ಅನ್ನುವುದು ನನ್ನ ಅಭಿಪ್ರಾಯ. ಮಗು ತಿಂದು ಮುಗಿಸಿ ಇಳಿಯಬೇಕು ಅನ್ನುವ ಹೊತ್ತಿಗೆ ಸರಿಯಾಗಿ ನಿಮ್ಮ ತಟ್ಟೆ ಬರುತ್ತದೆ. ಎರಡನ್ನೂ ಒಟ್ಟಿಗೆ ತರಲು ಹೇಳಿ. ಅಲ್ಲಿಯ ತನಕ ಚೀಲದಲ್ಲಿರುವ ತಿಂಡಿಯನ್ನು ಸ್ವಲ್ಪ ಸ್ವಲ್ಪವೇ ಕೊಡಿ. ಹೊರಗಿನ ಊಟ ಬಿಡದ ಪಾರ್ಕ್‌ಗಳೂ ಪುಟ್ಟ ಮಕ್ಕಳ ಆಹಾರಕ್ಕೆ ಸಾಮಾನ್ಯವಾಗಿ ಅಡ್ಡಿ ಮಾಡುವುದಿಲ್ಲ, ಹೊರಡುವ ಮೊದಲು ನಿಯಮ ಓದಿಕೊಳ್ಳಿ. ನಿಮಗೆ ಅಂತ ತರಿಸುವುದು ಒಂದೇ ಕೈಯಲ್ಲಿ ತಿನ್ನುವಂಥದ್ದಾಗಿರಲಿ. ಚಾಕು ಹಿಡಿದು ಕತ್ತರಿಸಬೇಕಾದದ್ದು ಬೇಡ. ಊಟ ಬಂದ ಕೂಡಲೇ ಬಿಲ್ಲನ್ನೂ ಕೇಳಿ ಕಟ್ಟಿಬಿಡಿ. ಆಮೇಲೆ ಯಾವ ಕ್ಷಣದಲ್ಲಾದರೂ ಎದ್ದು ಹೋಗುವ ಸ್ವಾತಂತ್ರ್ಯ ನಿಮ್ಮದು. ಆ ಒಂದು ಧೈರ್ಯಕ್ಕೇ ಊಟ ಅರ್ಧ ಸಲೀಸಾಗಿ ಇಳಿಯುತ್ತದೆ.

ಕಾಯುವ ಹೊತ್ತಿಗೆ ಆಟಿಕೆಗಳ ಮೂಟೆ ಏನೂ ಬೇಡ. ನನ್ನ ಮಗಳಿಗೆ ಎರಡು ಖಾಲಿ ಪೇಪರ್ ಲೋಟ, ನಾಲ್ಕು ಬ್ರೆಡ್ ಚೂರು ಸಾಕಾಗುತ್ತಿತ್ತು. ಈ ಲೋಟದಿಂದ ಆ ಲೋಟಕ್ಕೆ ಒಂದೊಂದೇ ಚೂರು ಹಾಕುವುದು, ಬಗ್ಗಿ ಒಳಗೆ ನೋಡುವುದು, ಮತ್ತೆ ಸುರಿಯುವುದು. ನಾಲಿಗೆ ತುದಿ ಹೊರಗೆ ಹಾಕಿಕೊಂಡು ಅಷ್ಟು ಗಂಭೀರವಾಗಿ ಮಾಡುತ್ತಿದ್ದಳು. ಫೋನ್ ಕೊಡುವುದು ತಪ್ಪು ಅಂತ ನಾನು ಹೇಳುವುದಿಲ್ಲ. ಮೊದಲಿಗೇ ಕೊಡಬೇಡಿ ಅಷ್ಟೇ, ನಿಮ್ಮ ಕೊನೆಯ ಹತ್ತು ತುತ್ತಿಗೆ ಉಳಿಸಿಕೊಳ್ಳಿ.

ಒಂದು ವಿಷಯವನ್ನು ಮಾತ್ರ ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಪಾರ್ಕ್‌ಗಳಲ್ಲಿ ಕೈಗೆ ಸಿಗುವ ತಿಂಡಿಗಳಲ್ಲಿ ಪುಟ್ಟ ಮಕ್ಕಳ ಗಂಟಲಿಗೆ ಸಿಕ್ಕಿಕೊಳ್ಳುವಂಥವು ಜಾಸ್ತಿ. ಪಾಪ್‌ಕಾರ್ನ್, ಇಡೀ ಬೀಜಗಳು, ಗಟ್ಟಿ ಮಿಠಾಯಿಯನ್ನು 4 ವರ್ಷದ ಒಳಗಿನವರಿಗೆ ಕೊಡಬಾರದು ಅಂತ ಮಕ್ಕಳ ವೈದ್ಯರು ಹೇಳುತ್ತಾರೆ. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಸೀಳು ಮಾಡಿ. ಸಾಸೇಜ್ ಕೊಡುವುದಾದರೆ ಬಿಲ್ಲೆ ಬಿಲ್ಲೆಯಾಗಿ ಅಲ್ಲ, ಉದ್ದಕ್ಕೆ ಸೀಳಿ ಸಣ್ಣ ಚೂರು ಮಾಡಿ. ದುಂಡಗಿನ ಬಿಲ್ಲೆ ಉಸಿರಿನ ದಾರಿಗೆ ಸರಿಯಾಗಿ ಮುಚ್ಚಳದಂತೆ ಕೂತುಬಿಡುತ್ತದೆ. ಸ್ಟ್ರೋಲರ್ ತಳ್ಳುತ್ತಾ ಹೋಗುವಾಗ ತಿನ್ನಲು ಕೊಡಬೇಡಿ, ಹಿಂದಿನಿಂದ ನಿಮಗೆ ಮುಖ ಕಾಣುವುದಿಲ್ಲ. ಸಿಕ್ಕಿಕೊಂಡಾಗ ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ಸದ್ದೇ ಬರದಿದ್ದರೆ, ಅಳಲೂ ಆಗದಿದ್ದರೆ ಕೂಡಲೇ ಕೂಗಿ ಜನ ಕರೆಯಿರಿ. ಮಗುವನ್ನು ಮುಂದಕ್ಕೆ ಬಗ್ಗಿಸಿ ಅಂಗೈಯ ಬುಡದಿಂದ ಬೆನ್ನಿನ ಎರಡು ಹೆಗಲೆಲುಬಿನ ನಡುವೆ 5 ಸಲ ಬಲವಾಗಿ ಹೊಡೆಯಿರಿ. ಬರದಿದ್ದರೆ ಹಿಂದಿನಿಂದ ತಬ್ಬಿ, ಹೊಕ್ಕುಳ ಸ್ವಲ್ಪ ಮೇಲೆ ಮುಷ್ಟಿ ಇಟ್ಟು ಒಳಕ್ಕೆ ಮೇಲಕ್ಕೆ 5 ಸಲ ಒತ್ತಿ. ಹೊರಬರುವ ತನಕ ಎರಡನ್ನೂ ಒಂದರ ಹಿಂದೆ ಒಂದು ಮಾಡಬೇಕು. ಪ್ರಜ್ಞೆ ತಪ್ಪಿದರೆ ನೆಲದ ಮೇಲೆ ಮಲಗಿಸಿ ಸಿಪಿಆರ್ (ಎದೆ ಒತ್ತಿ, ಬಾಯಿಂದ ಉಸಿರು ಕೊಡುವ ತುರ್ತು ಕ್ರಮ) ಶುರು ಮಾಡಬೇಕು. ಇದು ಒಂದು ವರ್ಷ ದಾಟಿದ ಮಕ್ಕಳಿಗೆ, ಅದಕ್ಕಿಂತ ಚಿಕ್ಕವರಿಗೆ ಕ್ರಮ ಬೇರೆ. ಓದಿದರೆ ಸಾಲದು, ಹೊರಡುವ ಮೊದಲು ಯಾರಾದರೂ ಬಲ್ಲವರಿಂದ ಮಾಡಿಸಿ ಕಲಿಯಿರಿ. ಒಬ್ಬರೇ ಇರುವವರಿಗೆ ಇದಕ್ಕಿಂತ ಮುಖ್ಯವಾದ ತಯಾರಿ ನನಗೆ ಗೊತ್ತಿಲ್ಲ.

ಇನ್ನೊಂದು ಚಿಕ್ಕ ವಿಷಯ. ಗೊಂಬೆ ವೇಷದವರು ಟೇಬಲ್ ಟೇಬಲ್‌ಗೆ ಬಂದು ಮಾತಾಡಿಸುವ ಊಟಗಳು ಇರುತ್ತವೆ. ದೂರದಿಂದ ಕೈ ಬೀಸಿ ಕುಣಿಯುವ ಮಗುವೇ, ಅಷ್ಟು ದೊಡ್ಡ ತಲೆ ಹತ್ತಿರ ಬಂದ ಕೂಡಲೇ ಹೆದರಿ ಕುತ್ತಿಗೆಗೆ ಅಂಟಿಕೊಳ್ಳಬಹುದು. ದುಡ್ಡು ಕೊಟ್ಟು ಬುಕ್ ಮಾಡುವ ಮೊದಲು ಬೀದಿಯಲ್ಲಿ ಒಂದು ವೇಷ ತೋರಿಸಿ ನೋಡಿ.

ರಚ್ಚೆ ಹಿಡಿದರೆ? ಅಲ್ಲೇ ಕೂತು ಗೆಲ್ಲಲು ಹೋಗಬೇಡಿ. ಬಿಲ್ ಹೇಗೂ ಕಟ್ಟಿದ್ದೀರಿ. ‘ಇದನ್ನು ಪಾರ್ಸೆಲ್ ಮಾಡಿ’ ಅನ್ನಿ, ಮಗುವನ್ನು ಎತ್ತಿಕೊಂಡು ಹೊರಗಿನ ನೆರಳಿಗೆ ಹೋಗಿ. ಹೆಚ್ಚಿನ ಸಲ ಕಾರಣ ಹಟವಲ್ಲ, ಸದ್ದು, ಸೆಕೆ, ನಿದ್ದೆ. ಕಟ್ಟಿಸಿಕೊಂಡ ಊಟವನ್ನು ಮಾತ್ರ ಸ್ಟ್ರೋಲರ್‌ನಲ್ಲಿ ಹೊತ್ತು ತಿರುಗಬೇಡಿ. ಸಾಮಾನ್ಯ ವಾತಾವರಣದಲ್ಲಿ 2 ಗಂಟೆ, 32 ಡಿಗ್ರಿಗಿಂತ ಜಾಸ್ತಿ ಬಿಸಿಲಿದ್ದರೆ 1 ಗಂಟೆ, ಅಷ್ಟು ಹೊತ್ತು ಮೀರಿದರೆ ಎಸೆದುಬಿಡಿ. ಮಗ ಸರಿಯಾಗಿ ತಿನ್ನಲಿಲ್ಲ ಅಂತಲೂ ಕೊರಗಬೇಡಿ. ಏನು ಕೊಡಬೇಕು, ಯಾವಾಗ ಕೊಡಬೇಕು ಅನ್ನುವುದು ನಿಮ್ಮ ಕೈಯಲ್ಲಿ. ಎಷ್ಟು ತಿನ್ನಬೇಕು ಅನ್ನುವುದು ಅವನಿಗೇ ಬಿಡಿ. ನೀರು ಮಾತ್ರ ಆಗಾಗ ಕುಡಿಸುತ್ತಿರಿ.

ರಾತ್ರಿ ಊಟಕ್ಕೆ ಬಂದರೆ, ಕೂತು ತಿನ್ನಬೇಕು ಅಂತ ಆಸೆ ಇದ್ದರೆ ಸಂಜೆ 5 ಗಂಟೆಗೇ ಟೇಬಲ್ ಹಿಡಿಯಿರಿ, ಅದೂ ಮಧ್ಯಾಹ್ನ ಮಗ ಚೆನ್ನಾಗಿ ನಿದ್ದೆ ಮಾಡಿದ ದಿನ ಮಾತ್ರ. ಉಳಿದ ದಿನ ದಾರಿಯಲ್ಲೇ ಊಟ ಕಟ್ಟಿಸಿಕೊಂಡು ರೂಮಿಗೆ ಬನ್ನಿ. ಅವನಿಗೆ ಸ್ನಾನ ಮಾಡಿಸಿ, ನೆಲದ ಮೇಲೆ ಟವೆಲ್ ಹಾಸಿ ಇಬ್ಬರೂ ಕೂತುಕೊಳ್ಳಿ. ಅಲ್ಲಿ ಬೆಲ್ಟೂ ಬೇಡ, ಟ್ರೇಯೂ ಬೇಡ, ಚಮಚ ಎಷ್ಟು ಸಲ ಬಿದ್ದರೂ ನೀವು ಏಳಬೇಕಾಗಿಲ್ಲ.