ಹಳಬರು ಹೊಸ ಪದ್ಧತಿಗೆ ಒಪ್ಪುತ್ತಿಲ್ಲ, ಹೇಗೆ ಹುರಿದುಂಬಿಸಲಿ?

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಕೆಲಸ, ಸ್ಟೋರ್ಸ್‌ನಲ್ಲಿ ಹದಿನಾಲ್ಕು ಜನ, ಲೆಡ್ಜರ್ ಬಿಟ್ಟು ಕಂಪ್ಯೂಟರ್‌ನಲ್ಲಿ ಎಂಟ್ರಿ ಮಾಡಿ ಅಂದರೆ ಹಳಬರು ಮುಖ ತಿರುಗಿಸುತ್ತಾರೆ ಅಂತ ಬರೆದಿದ್ದೀರಿ. ನಾನು ಮ್ಯಾನೇಜ್‌ಮೆಂಟ್ ಓದಿದವನಲ್ಲ. ಮದ್ದೂರು ಕಡೆಯ ಒಂದು ಹಳ್ಳಿಯ ಹಾಲಿನ ಸಂಘದಲ್ಲಿ ಸೆಕ್ರೆಟರಿ ಆಗಿದ್ದವನು. ಆದರೆ ನೀವು ಬಿದ್ದಿರುವ ಹಳ್ಳಕ್ಕೆ ನಾನೂ ಬಿದ್ದು ಎದ್ದಿದ್ದೇನೆ.

ನಮ್ಮಲ್ಲಿ ಹಾಲಿನ ಫ್ಯಾಟ್ ನೋಡುತ್ತಿದ್ದದ್ದು ಗರ್ಬರ್ ಪದ್ಧತಿಯಲ್ಲಿ. ಬ್ಯುಟಿರೋಮೀಟರ್ ಅಂದರೆ ಕೊಬ್ಬು ಅಳೆಯುವ ಗಾಜಿನ ಕೊಳವೆ. ಅದಕ್ಕೆ 10 ಮಿಲಿ ಸಲ್ಫ್ಯೂರಿಕ್ ಆಸಿಡ್, ಅದರ ಮೇಲೆ ನಿಧಾನಕ್ಕೆ 10.75 ಮಿಲಿ ಹಾಲು, 1 ಮಿಲಿ ಅಮೈಲ್ ಆಲ್ಕೋಹಾಲ್. ಬಿರಡೆ ಹಾಕಿ ಅಲುಗಿಸಿದರೆ ಗಾಜು ಕೈ ಸುಡುವಷ್ಟು ಕಾಯುತ್ತೆ, ಬಟ್ಟೆ ಸುತ್ತಿ ಹಿಡಿಯಬೇಕು. ಆಮೇಲೆ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ಬಿಸಿನೀರಲ್ಲಿಟ್ಟು, ಕೊಳವೆಯಲ್ಲಿ ಮೇಲೆ ನಿಂತ ಹಳದಿ ಕೊಬ್ಬನ್ನು ಅಳತೆಗೆರೆಗೆ ಹಿಡಿದು ಓದಬೇಕು. ಅದು ಶೇಕಡಾ 3.8 ಅಥವಾ 3.9 ಅನ್ನೋದು ಕಣ್ಣಿನ ಪಳಗಿಕೆ. ನಮ್ಮ ಟೆಸ್ಟರ್ ಅಣ್ಣ ಇಪ್ಪತ್ತು ವರ್ಷ ಇದನ್ನೇ ಮಾಡಿದ್ದರು. ಅಂಗಿ ತುಂಬ ಆಸಿಡ್ ತೂತು. ಹಾಲಿನ ದುಡ್ಡು ಅವರ ಕಣ್ಣಳತೆಯ ಮೇಲೇ ನಿಂತಿದ್ದರಿಂದ ಊರಲ್ಲಿ ಅವರ ಮಾತಿಗೆ ತೂಕ ಜಾಸ್ತಿ.

ಆಮೇಲೆ ಮೆಷಿನ್ ಬಂತು. ಸ್ವಲ್ಪ ಹಾಲು ಎಳೆದುಕೊಂಡರೆ ಸಾಕು, ಫ್ಯಾಟೂ ಎಸ್‌ಎನ್‌ಎಫ್ಫೂ (ಕೊಬ್ಬು ಬಿಟ್ಟು ಹಾಲಲ್ಲಿರುವ ಉಳಿದ ಘನಾಂಶ) ಕೂಡಲೇ ಹೇಳಿ ಚೀಟಿ ಕೊಡುತ್ತೆ. ನಾನು ಪೂಜೆ ಮಾಡಿಸಿ, ಬೂಂದಿ ಹಂಚಿ, ಭಾಷಣವನ್ನೂ ಮಾಡಿದೆ. "ಇನ್ಮೇಲೆ ತಪ್ಪು ಅನ್ನೋದೇ ಇರಲ್ಲ" ಅಂದೆ. ಹಾಗಾದರೆ ಇಷ್ಟು ದಿನ ತಪ್ಪು ಮಾಡುತ್ತಿದ್ದವರು ಯಾರು? ಅಲ್ಲೇ ಪಕ್ಕದಲ್ಲಿ ನಿಂತಿದ್ದರು ಅವರು. ನನಗೆ ಅದು ಹೊಳೆಯಲೇ ಇಲ್ಲ.

ಮೂರನೇ ದಿನ ಬೆಳಿಗ್ಗೆ, ಯಾವಾಗಲೂ 4ರ ಮೇಲೆ ಬರುತ್ತಿದ್ದ ಒಬ್ಬ ಹೆಂಗಸಿನ ಹಾಲಿಗೆ 3.4 ಬಂತು. "ನಮ್ ಹಸ ಏನ್ ರಾತ್ರೋರಾತ್ರಿ ಬದ್ಲಾಗೋಯ್ತಾ?" ಅಂತ ಕ್ಯಾನ್ ಎತ್ತಿಕೊಂಡು ಹೊರಟೇಬಿಟ್ಟರು. ಸಂಜೆ ಹೊತ್ತಿಗೆ ಇನ್ನೂ ಹತ್ತು ಮನೆಯವರು ಅವರ ಹಿಂದೆ. ಟೆಸ್ಟರ್ ಅಣ್ಣ ಜಗಲಿ ಮೇಲೆ ಕೈಕಟ್ಟಿ ಕೂತಿದ್ದರು. ಬೇಕಂತಲೇ ತಮಾಷೆ ನೋಡ್ತಿದ್ದಾರೆ ಅಂತ ನನಗೆ ಉರಿದುಹೋಯಿತು.

ರಾತ್ರಿ ಅವರ ಮನೆಗೆ ಹೋದೆ. ಕಾಫಿ ಕೊಟ್ಟು ಅವರು ಹೇಳಿದ್ದು ಎರಡೇ ಮಾತು. "ಸುರಿದ ತಕ್ಷಣ ನೊರೆ ಸಮೇತ ಮೆಷಿನ್‌ಗೆ ಕೊಡ್ತಿದ್ದೀರಿ. ಒಳಗಿನ ಪೈಪ್ ತೊಳ್ದಿದ್ದು ಯಾವಾಗ?" ನಮ್ಮದು ಶಬ್ದದ ಅಲೆ ಹಾಯಿಸಿ ಅಳೆಯುವ ಮೆಷಿನ್. ಗಾಳಿಗುಳ್ಳೆ ಇದ್ದರೆ, ಒಳಗೆ ಹಾಲು ಕಟ್ಟಿಕೊಂಡಿದ್ದರೆ ಲೆಕ್ಕ ತಪ್ಪುತ್ತೆ. ಮೆಷಿನ್ ಬಗ್ಗೆ ಗೊತ್ತಿಲ್ಲದಿದ್ದರೂ ಹಾಲಿನ ಬಗ್ಗೆ ಅವರಿಗೆ ಗೊತ್ತಿತ್ತು. ಮೊದಲ ದಿನವೇ ಗಮನಿಸಿದ್ದರು. ನಾವು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ.

ಮಾರನೇ ದಿನದಿಂದ ಮೆಷಿನ್ನು, ಬ್ಯುಟಿರೋಮೀಟರು ಎರಡನ್ನೂ ಒಂದೇ ಮೇಜಿನ ಮೇಲಿಟ್ಟೆವು. ಹದಿನೈದು ದಿನ, ಹೊತ್ತಿಗೆ ಐದು ಮನೆ ಹಾಲು, ಎಲ್ಲರ ಕಣ್ಣೆದುರೇ ಎರಡರಲ್ಲೂ ಟೆಸ್ಟ್. ಅಲ್ಲಿವರೆಗೂ ಬಟವಾಡೆ ಹಳೇ ಲೆಕ್ಕದಲ್ಲೇ. ಶುದ್ಧವಾಗಿ ತೊಳೆದ ಮೇಲೂ ಮೆಷಿನ್ 0.2 ಕಡಿಮೆ ತೋರಿಸುತ್ತಿತ್ತು. ಅದನ್ನು ಹಿಡಿದವರೂ ಟೆಸ್ಟರ್ ಅಣ್ಣನೇ. ರಿಪೇರಿಯವನನ್ನು ಕರೆಸಿ ಸರಿ ಮಾಡಿಸಿದೆವು. ತೊಳೆಯೋದು, ವಾರಕ್ಕೊಮ್ಮೆ ತಾಳೆ ನೋಡೋದು, ತಕರಾರು ಬಂದರೆ ಗರ್ಬರ್‌ನಲ್ಲಿ ಮತ್ತೆ ನೋಡೋದು, ಎಲ್ಲ ಅವರ ಸುಪರ್ದಿಗೆ ಬಿಟ್ಟೆ. ರಿಜಿಸ್ಟರ್‌ನಲ್ಲಿ ಅವರ ಸಹಿ ಬೀಳದೆ ಮೆಷಿನ್ ಸರಿಯಿದೆ ಅಂತ ನಾನೂ ಹೇಳುತ್ತಿರಲಿಲ್ಲ. ಕ್ಯಾನ್ ಎತ್ತಿಕೊಂಡು ಹೋದವರು ಒಬ್ಬೊಬ್ಬರಾಗಿ ವಾಪಸ್ ಬಂದರು. ಕೀಬೋರ್ಡ್ ಮಾತ್ರ ಟೆಸ್ಟರ್ ಅಣ್ಣ ಕೊನೇವರೆಗೂ ಮುಟ್ಟಲಿಲ್ಲ. ಅದಕ್ಕೊಬ್ಬ ಹುಡುಗನನ್ನು ಇಟ್ಟುಕೊಂಡೆವು. ಎಲ್ಲರೂ ಎಲ್ಲವನ್ನೂ ಕಲಿಯಲೇಬೇಕು ಅಂತ ಯಾಕೆ ಹಟ?

ನಿಮ್ಮ ಸ್ಟೋರ್ಸ್‌ಗೂ ಹೀಗೇ ಮಾಡಿ ನೋಡಿ. ಜಾಸ್ತಿ ಗೊಣಗುವ ಲೆಡ್ಜರ್‌ನವರ ಪಕ್ಕ ಕೂತು, ಈ ಕಂಪ್ಯೂಟರ್ ಎಲ್ಲೆಲ್ಲಿ ಎಡವುತ್ತೆ ಅಂತ ಕೇಳಿ. ಒಂದೇ ಬೋಲ್ಟ್‌ಗೆ ಎರಡು ಹೆಸರು ಇರಬಹುದು. ರಾತ್ರಿ ಪಾಳಿಯವರು ಚೀಟಿ ಇಲ್ಲದೆ ಸಾಮಾನು ಒಯ್ದು ಬೆಳಿಗ್ಗೆ ಬರೆಸುತ್ತಿರಬಹುದು. ಅವರು ಹೇಳಿದ್ದನ್ನು ಬರೆದುಕೊಳ್ಳಿ, ಸರಿ ಮಾಡಿಸಿ, ಯಾರು ಹೇಳಿದ್ದು ಅಂತ ನಾಲ್ಕು ಜನರ ಮುಂದೆ ಹೇಳಿ. ಲೆಡ್ಜರ್ ಯಾವತ್ತು ನಿಲ್ಲುತ್ತೆ ಅಂತ ತಾರೀಖನ್ನೂ ತಿಳಿಸಿಬಿಡಿ, ಇಲ್ಲದಿದ್ದರೆ ವರ್ಷಗಟ್ಟಲೆ ಎರಡೂ ನಡೀತಿರುತ್ತೆ. ಕೆಲಸ ಹೋಗುತ್ತಾ ಅಂತ ಕೇಳಿಯೇ ಕೇಳುತ್ತಾರೆ. ನಿಮಗೇ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ. ಸುಮ್ನೆ ಭರವಸೆ ಕೊಡಬೇಡಿ.

ಇಷ್ಟೆಲ್ಲ ಆದಮೇಲೂ ನಾನು ಇನ್ನೊಮ್ಮೆ ಎಡವಿದೆ. ಹಾಲಿನ ದುಡ್ಡು ಕೈಗೆ ಕೊಡೋದು ಬಿಟ್ಟು ಬ್ಯಾಂಕಿಗೆ ಹಾಕುವಾಗ ಹೆಂಗಸರು ಬೇಡ ಅಂದರು. ಬ್ಯಾಂಕ್ ಅಂದರೆ ಭಯ ಅಂದುಕೊಂಡು ಖಾತೆ ತೆರೆಯೋದು ಹೇಗೆ ಅಂತ ಪಾಠ ಮಾಡಿದೆ. ನಿಜವಾದ ಕಾರಣ ಬೇರೆ. ಸುಮಾರು ಜನರ ಸದಸ್ಯತ್ವ ಗಂಡನ ಹೆಸರಲ್ಲಿತ್ತು. ದುಡ್ಡೂ ಅವರ ಖಾತೆಗೇ ಹೋಯಿತು. ಹಾಲು ಕರೆದವರ ಕೈಗೆ ಕಾಸು ಬರೋದು ನಿಂತಿತು. ಒಂದೊಂದೇ ಮನೆಯ ಸದಸ್ಯತ್ವ ಹೆಂಗಸರ ಹೆಸರಿಗೆ ಬದಲಾಯಿಸುವಷ್ಟರಲ್ಲಿ ಒಂದು ವರ್ಷ ಕಳೆಯಿತು. ಇಬ್ಬರು ಗಂಡಂದಿರು ಈಗಲೂ ನನ್ನ ಹತ್ತಿರ ಮಾತಾಡಲ್ಲ.