ಮೈನಸ್ ಏಳನ್ನು ಎರಡರಿಂದ ಭಾಗಿಸಿದರೆ

ಪ್ರಶ್ನೆ: ಬಿ.ಎಸ್ಸಿ. ಕಂಪ್ಯೂಟರ್ ಸೈನ್ಸ್ ಎರಡನೇ ವರ್ಷ. ಸಿ, ಜಾವಾ ಮುಗಿದು ಈಗ ಪೈಥಾನ್ ನಡೆಯುತ್ತಿದೆ. ಒಂದು ಕಲಿಯುವಾಗ ಇನ್ನೊಂದು ಮರೆತುಹೋಗುತ್ತದೆ. ಸಾಲದ್ದಕ್ಕೆ ‘ಪ್ರೋಗ್ರಾಮಿಂಗ್ ಭಾಷೆಗಳ ತತ್ತ್ವ’ ಎಂಬ ಪೇಪರ್ ಬೇರೆ. ಹೇಗೆ ಓದಲಿ?
– ವಿದ್ಯಾರ್ಥಿನಿ, ಮಂಜೇಶ್ವರ

ಉತ್ತರ: ಮರೆತುಹೋಗುವುದು ಸಿಂಟ್ಯಾಕ್ಸ್, ಅಂದರೆ ಆಯಾ ಭಾಷೆಯಲ್ಲಿ ಸಾಲು ಬರೆಯುವ ರೀತಿ. ಅದನ್ನು ನೋಡಿಕೊಂಡು ಬರೆದರಾಯಿತು. ಕೈಕೊಡುವುದು, ಕಾಣಲು ಒಂದೇ ಥರ ಇದ್ದು ಬೇರೆ ಬೇರೆ ಉತ್ತರ ಕೊಡುವ ಸಾಲುಗಳು. –7 ಅನ್ನು 2ರಿಂದ ಪೂರ್ಣಾಂಕ ಭಾಗಾಕಾರ ಮಾಡಿದರೆ ಸಿ, ಜಾವಾ ಎರಡರಲ್ಲೂ –3, ಶೇಷ –1. ಪೈಥಾನಿನ ಎರಡು ಗೀಟಿನ (//) ಭಾಗಾಕಾರದಲ್ಲಿ –4, ಶೇಷ 1. ಹಾಗಾಗಿ ‘ಶೇಷ 1 ಆದರೆ ಬೆಸ ಸಂಖ್ಯೆ’ ಎಂಬ ಪರೀಕ್ಷೆ ಪೈಥಾನಿನಲ್ಲಿ ಸರಿ, ಜಾವಾದಲ್ಲಿ ಋಣ ಸಂಖ್ಯೆ ಬಂದ ಕೂಡಲೇ ತಪ್ಪು. ‘ಶೇಷ 0 ಅಲ್ಲ’ ಎಂದು ಬರೆದರೆ ಎಲ್ಲ ಕಡೆ ನಡೆಯುತ್ತದೆ.

2147483647ಕ್ಕೆ 1 ಕೂಡಿಸಿ ನೋಡಿ. ಜಾವಾದ ಇಂಟ್ (32 ಬಿಟ್ ಪೂರ್ಣಾಂಕ, ಅದರಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆ ಇದೇ) –2147483648 ಆಗುತ್ತದೆ, ಪೈಥಾನ್ ಸರಿಯಾಗಿ ಕೂಡಿಸುತ್ತದೆ, 32 ಬಿಟ್ ಇಂಟ್ ಇರುವ ಸಿಯಲ್ಲಿ ಏನಾಗಬೇಕೆಂದು ಭಾಷೆಯ ನಿಯಮವೇ ಹೇಳುವುದಿಲ್ಲ. ಇಂಥವನ್ನು ಒಂದೇ ಪುಟದಲ್ಲಿ ಮೂರು ಕಾಲಂ ಹಾಕಿ ಬರೆದಿಡಿ. ಲಿಸ್ಪ್ ಭಾಷೆ 1958, ಸಿ 1972 ಎಂದು ಇಸವಿ ಬಾಯಿಪಾಠ ಮಾಡಿದರೆ ಒಂದೆರಡು ಮಾರ್ಕು ಸಿಕ್ಕೀತು, ಅಷ್ಟೇ.

ಇನ್ನು ಗ್ರಾಮರ್ (ಭಾಷೆಯ ರಚನೆಯ ನಿಯಮಗಳು), ಪಾರ್ಸಿಂಗ್ (ಆ ನಿಯಮದಂತೆ ಸಾಲನ್ನು ಬಿಡಿಸಿ ಓದುವುದು) ಭಾಗ. ಅದು ಓದಿ ತಲೆಗೆ ಹತ್ತುವುದು ಕಷ್ಟ, ಒಂದು ಸಣ್ಣ ಕ್ಯಾಲ್ಕುಲೇಟರ್ ಬರೆಯಿರಿ. ಮೂರು ಫಂಕ್ಷನ್ ಸಾಕು: ಕೂಡು-ಕಳೆಗೆ ಒಂದು, ಗುಣಿಸು-ಭಾಗಿಸುಗೆ ಒಂದು, ಸಂಖ್ಯೆ ಮತ್ತು ಆವರಣಕ್ಕೆ ಒಂದು. ಮೊದಲನೆಯದು ಎರಡನೆಯದನ್ನು, ಎರಡನೆಯದು ಮೂರನೆಯದನ್ನು ಕರೆಯಬೇಕು. ಆಗ 2+3×4 ತಾನಾಗಿ 14 ಆಗುತ್ತದೆ. ಪುಸ್ತಕದ ‘ಮೊತ್ತ = ಮೊತ್ತ – ಪದ’ (ಮೊತ್ತ ಎಂದರೆ ಕೂಡು-ಕಳೆಯ ಇಡೀ ಸಾಲು, ಪದ ಎಂದರೆ ಅದರ ಒಂದು ತುಂಡು) ಎಂಬ ನಿಯಮವನ್ನು ಹಾಗೆಯೇ ಕೋಡ್ ಮಾಡಿದರೆ ಫಂಕ್ಷನ್ ಒಂದು ಅಂಕಿಯನ್ನೂ ಓದದೆ ತನ್ನನ್ನೇ ಕರೆಯುತ್ತಾ ಹೋಗಿ ಸ್ಟ್ಯಾಕ್ (ಕರೆದ ಫಂಕ್ಷನ್‌ಗಳ ಲೆಕ್ಕ ಇಡುವ ಮೆಮೊರಿ) ತುಂಬುತ್ತದೆ. ತಿರುಗಿಸಿ ‘ಪದ – ಮೊತ್ತ’ ಎಂದರೆ 10–4–3ಕ್ಕೆ 9 ಬರುತ್ತದೆ, ಏಕೆಂದರೆ 4–3 ಮೊದಲು ನಡೆಯಿತು. ಮೊದಲ ಪದ ಓದಿ, ಮುಂದೆ ಕೂಡು ಅಥವಾ ಕಳೆ ಚಿಹ್ನೆ ಇರುವವರೆಗೆ ವೈಲ್ ಲೂಪ್ ಓಡಿಸಿ. 3 ಬರುತ್ತದೆ.

ಪ್ರಶ್ನೆ: ‘ಕುಂಬಳೆ’ ಎಷ್ಟು ಉದ್ದ ಎಂದು ಕೇಳಿದರೆ ಸಿ 18 ಎನ್ನುತ್ತದೆ, ಪೈಥಾನ್ 6. ಯಾವುದು ಸರಿ?
– ಬಿ.ಸಿ.ಎ. ವಿದ್ಯಾರ್ಥಿ, ಕುಂಬಳೆ

ಉತ್ತರ: ಎರಡೂ ಸರಿ, ಎಣಿಸಿದ್ದು ಬೇರೆ ಬೇರೆ. ಪೈಥಾನ್ ಯೂನಿಕೋಡ್ (ಎಲ್ಲ ಲಿಪಿಗಳ ಚಿಹ್ನೆಗಳಿಗೆ ಸಂಖ್ಯೆ ಕೊಡುವ ಪದ್ಧತಿ) ಸಂಕೇತಗಳನ್ನು ಎಣಿಸುತ್ತದೆ: ಕ, ಉಕಾರದ ಕೊಂಬು, ಸೊನ್ನೆ, ಬ, ಳ, ಎಕಾರದ ಚಿಹ್ನೆ. ಸಿಯ ಸ್ಟ್ರ್‌ಲೆನ್ (ಉದ್ದ ಹೇಳುವ ಫಂಕ್ಷನ್) ಎಣಿಸುವುದು ಬೈಟ್. ಯೂನಿಕೋಡನ್ನು ಬೈಟ್ ಆಗಿ ಬರೆಯುವ ಯುಟಿಎಫ್-8ರಲ್ಲಿ ಕನ್ನಡದ ಒಂದು ಸಂಕೇತಕ್ಕೆ 3 ಬೈಟ್. ನಮ್ಮ ಕಣ್ಣಿಗೆ ಕಾಣುವ 3 ಅಕ್ಷರ ಎರಡರ ಲೆಕ್ಕದಲ್ಲೂ ಇಲ್ಲ. ಸಿಯಲ್ಲಿ 10 ಬೈಟಿಗೆ ಕತ್ತರಿಸಿದರೆ ‘ಬ’ ಅರ್ಧಕ್ಕೆ ತುಂಡಾಗಿ ಕಸ ಮೂಡುತ್ತದೆ. ಪೈಥಾನಿನಲ್ಲಿ ಹಿಂದುಮುಂದು ಮಾಡಿದರೆ ಎಕಾರ ಒಂಟಿಯಾಗಿ ಮೊದಲು ಬಂದು ನಿಲ್ಲುತ್ತದೆ. ಅಕ್ಷರದ ಲೆಕ್ಕವೇ ಬೇಕಿದ್ದರೆ ‘ರಿಜೆಕ್ಸ್’ ಎಂಬ ಪೈಥಾನಿನ ಹೆಚ್ಚುವರಿ ಮಾಡ್ಯೂಲ್ ಹಾಕಿಕೊಂಡು ಗ್ರಾಫೀಮ್ ಗುಂಪುಗಳಾಗಿ (ಕಣ್ಣಿಗೆ ಒಂದೇ ಅಕ್ಷರವಾಗಿ ಕಾಣುವ ಸಂಕೇತಗಳ ಗುಂಪು) ಒಡೆಯಿರಿ. ‘ಮಂಜೇಶ್ವರ’ವನ್ನೂ ಕೊಟ್ಟು ನೋಡಿ, ಒತ್ತಕ್ಷರ ಇರುವಲ್ಲಿ ಶ್ ಮತ್ತು ವ ಬೇರೆಯಾಗಿ ಬಂದರೆ ಹಲಂತದ (ವ್ಯಂಜನದ ಸ್ವರ ತೆಗೆಯುವ ‘್’ ಚಿಹ್ನೆ) ನಂತರದ ಗುಂಪನ್ನು ನೀವೇ ಹಿಂದಿನದಕ್ಕೆ ಸೇರಿಸಬೇಕಾಗುತ್ತದೆ.