ಮಳೆಗಾಲದಲ್ಲಿ ಬಿಗಿಯುವ ಡ್ರಾ, ಕಪ್ಪಾಗುವ ಬೆಳ್ಳಿ: ಒಡವೆ ಪೆಟ್ಟಿಗೆ ಮಾಡುವವರ ಪ್ರಶ್ನೆಗಳು

ಪ್ರಶ್ನೆ: ತಾಯಿ ಮನೆಯ ಹಳೇ ಬೀಟೆ ಮಂಚ ಮುರಿದು ಅಟ್ಟ ಸೇರಿದೆ. ಅದರಲ್ಲೇ ಮಗಳ ಮದುವೆಗೆ ಮೂರು ಡ್ರಾ ಇರುವ ಒಡವೆ ಪೆಟ್ಟಿಗೆ ಮಾಡಬೇಕೆಂಬ ಆಸೆ. ಬಡಗಿಯವರು ‘ಯಾಕಕ್ಕಾ ಕಷ್ಟ, ಪ್ಲೈವುಡ್‌ಗೆ ವಿನೀರ್ (ಮರದ ತೆಳ್ಳನೆ ಹಾಳೆ) ಅಂಟಿಸಿ ಕೊಡ್ತೀನಿ’ ಅಂತಾರೆ. ಹಳೇ ಮರ ಉಪಯೋಗಕ್ಕೆ ಬರುತ್ತಾ? (ಸರಸ್ವತಿಪುರಂ, ಮೈಸೂರು)

ಖಂಡಿತ ಬರುತ್ತೆ. ಅಷ್ಟು ವರ್ಷ ಮನೆಯೊಳಗೆ ಒಣಗಿದ ಬೀಟೆ ಇವತ್ತು ದುಡ್ಡು ಕೊಟ್ಟರೂ ಸುಲಭಕ್ಕೆ ಸಿಗಲ್ಲ. ಆದರೆ ಕಡೆದ ಕಾಲುಗಳನ್ನು ನೋಡಿ ಲೆಕ್ಕ ಹಾಕಬೇಡಿ, ಅದರಲ್ಲಿ ಹಲಗೆ ಹುಟ್ಟಲ್ಲ. ನಿಮಗೆ ಬೇಕಾದದ್ದು ಮಂಚದ ಉದ್ದ ಪಟ್ಟಿಗಳು, ತಲೆ ಕಡೆಯ ಹಲಗೆ. ಕಾಲಿನ ತುಂಡುಗಳಲ್ಲಿ ಡ್ರಾ ಎಳೆಯುವ ಗುಂಡು ಹಿಡಿಗಳನ್ನು ಕಡೆಸಿಕೊಳ್ಳಿ.

ಸಾ ಮಿಲ್‌ಗೆ ಒಯ್ಯುವ ಮೊದಲು ಪ್ರತಿ ಪಟ್ಟಿಯ ಮೇಲೂ ಒಂದು ಅಯಸ್ಕಾಂತ ಓಡಿಸಿ. ತಲೆ ಮುರಿದ ಮೊಳೆ ಒಳಗೆ ಕೂತಿದ್ದರೆ ಬ್ಲೇಡ್ ಹಾಳಾಗುತ್ತೆ, ಮಿಲ್‌ನವರು ಬೈಯುತ್ತಾರೆ. ಸೂಜಿ ಚುಚ್ಚಿದಂಥ ತೂತಿದ್ದು, ತಟ್ಟಿದರೆ ಹಿಟ್ಟು ಉದುರುತ್ತಿದ್ದರೆ ಅದು ಕುಟ್ಟೆ ಹುಳ. ಸಾಮಾನ್ಯವಾಗಿ ಅಂಚಿನ ಬಿಳಿ ಭಾಗಕ್ಕೇ ಹಿಡಿದಿರುತ್ತೆ. ಅಷ್ಟನ್ನು ಕತ್ತರಿಸಿ ಎಸೆಯಿರಿ, ಕಪ್ಪು ಚೇಗು ಉಳಿಸಿಕೊಳ್ಳಿ. ಬೀಟೆ ಪುಡಿ ಕೆಲವರಿಗೆ ಮೈ ಕೆರೆತ, ಸೀನು ತರುತ್ತೆ. ಉಜ್ಜುವಾಗ ಮಾಸ್ಕ್ ಹಾಕಿಕೊಳ್ಳಿ.

ಇಡೀ ಪೆಟ್ಟಿಗೆಗೆ ಬೀಟೆ ಸುರಿಯಬೇಡಿ, ಭಾರ ಜಾಸ್ತಿ. ಹೊರಮೈಗೆ, ಡ್ರಾ ಮುಖಗಳಿಗೆ 12 ಮಿ.ಮೀ. ಬೀಟೆ ಇರಲಿ. ಡ್ರಾ ಪಕ್ಕಗಳಿಗೆ 6 ಮಿ.ಮೀ. ತೇಗ, ತಳಕ್ಕೆ 3 ಮಿ.ಮೀ. ಪ್ಲೈವುಡ್ ಸಾಕು. ತೇಗದಲ್ಲಿ ಎಣ್ಣೆ ಅಂಶ ಇರುವುದರಿಂದ, ಅಂಟು ಹಚ್ಚುವ ಮೊದಲು ಕೂಡುವ ಜಾಗವನ್ನು ಥಿನ್ನರ್ ಬಟ್ಟೆಯಲ್ಲಿ ಒರೆಸಿ. ಬಡಗಿಯವರ ಮಾತಿನಲ್ಲಿ ತಪ್ಪೇನಿಲ್ಲ, ವಿನೀರ್ ಅಗ್ಗ, ಕೆಲಸವೂ ಬೇಗ ಆಗುತ್ತೆ. ಆದರೆ ತಾಯಿಯ ಮಂಚ ಇರುವಾಗ ನಾನಂತೂ ಅದನ್ನು ಒಪ್ಪಲ್ಲ.

ಪ್ರಶ್ನೆ: ಮಾರ್ಚ್‌ನಲ್ಲಿ ನಾನೇ ತೇಗದಲ್ಲಿ ಒಡವೆ ಪೆಟ್ಟಿಗೆ ಮಾಡಿದೆ. ಆಗ ಡ್ರಾಗಳು ಚೆನ್ನಾಗಿ ಓಡುತ್ತಿದ್ದವು. ಮಳೆ ಶುರುವಾದ ಮೇಲೆ ಎರಡು ಡ್ರಾ ಅಲ್ಲಾಡುತ್ತಲೇ ಇಲ್ಲ. ಹತ್ತರಿ ಹೊಡೆದುಬಿಡಲಾ ಸಾರ್? (ಶ್ರೀರಂಗಪಟ್ಟಣ)

ತಡೀರಿ, ಈಗಲೇ ಹತ್ತರಿ ಎತ್ತಬೇಡಿ. ಒದ್ದೆ ಕಾಲದಲ್ಲಿ ಸಲೀಸಾಗುವಷ್ಟು ಕೀಸಿದರೆ, ಸಂಕ್ರಾಂತಿ ಕಳೆದ ಮೇಲೆ ಅದೇ ಡ್ರಾ ಗಡಗಡ ಅನ್ನುತ್ತೆ.

ಮರ ಗಾಳಿಯ ತೇವ ಹೀರಿ ಹಿಗ್ಗುತ್ತೆ, ಒಣಗಿದಾಗ ಕುಗ್ಗುತ್ತೆ. ಆದರೆ ಎಲ್ಲ ದಿಕ್ಕಿಗೂ ಒಂದೇ ಸಮ ಅಲ್ಲ. ನಾರಿನ ಉದ್ದಕ್ಕೆ ಹೆಚ್ಚುಕಡಿಮೆ ಇಲ್ಲವೇ ಇಲ್ಲ, ನಾರಿಗೆ ಅಡ್ಡಲಾಗಿಯೇ ಎಲ್ಲ ಆಟ. ಡ್ರಾ ಪಕ್ಕದ ಹಲಗೆಯಲ್ಲಿ ನಾರು ಮುಂದಿನಿಂದ ಹಿಂದಕ್ಕೆ ಹೋಗಿರುತ್ತೆ, ಅಲ್ವಾ? ಹಾಗಾಗಿ ಅದು ಉದ್ದಕ್ಕೆ ಬೆಳೆಯಲ್ಲ, ಎತ್ತರಕ್ಕೆ ಬೆಳೆಯುತ್ತೆ. 5 ಸೆಂ.ಮೀ. ಎತ್ತರದ ತೇಗದ ಡ್ರಾ ಬೇಸಿಗೆಯಿಂದ ಮಳೆಗಾಲಕ್ಕೆ ಸುಮಾರು ಅರ್ಧ ಮಿ.ಮೀ. ಏರಬಹುದು. ನೀವು ಮಾರ್ಚ್‌ನ ಒಣ ಹವೆಯಲ್ಲಿ ಒಂದು ಕೂದಲೂ ಸೇರದ ಹಾಗೆ ಕೂರಿಸಿದ್ದೀರಿ. ಕೆಲಸ ಅಚ್ಚುಕಟ್ಟು, ಕಾಲದ ಲೆಕ್ಕ ಬಿಟ್ಟುಹೋಯಿತು. ನಮ್ಮ ಕಡೆ ಫೆಬ್ರವರಿ, ಮಾರ್ಚ್‌ನಲ್ಲಿ ಮಾಡುವ ಡ್ರಾಗೆ ಮೇಲ್ಗಡೆ 1 ಮಿ.ಮೀ. ಸಂದು ಬಿಡಿ. ಆಗಸ್ಟ್‌ನಲ್ಲಿ ಮಾಡಿದರೆ ಅದರ ಅರ್ಧ ಸಾಕು.

ಈಗೇನು ಮಾಡೋದು? ಪೆಟ್ಟಿಗೆಯನ್ನು ಅಡುಗೆಮನೆ, ಬಚ್ಚಲ ಗೋಡೆಯಿಂದ ದೂರ, ಗಾಳಿಯಾಡುವ ಒಣ ಕೋಣೆಯಲ್ಲಿ ಕೆಲವು ವಾರ ಇಡಿ. ಸ್ವಲ್ಪ ಒಣಗಿ ಡ್ರಾ ಹೊರಗೆ ಬಂದ ಮೇಲೆ, ಅದು ಎಲ್ಲಿ ತಾಗುತ್ತಿದೆ ಅಂತ ಮೊದಲು ಹುಡುಕಿ. ಪೆಟ್ಟಿಗೆಯ ಒಳಗೆ ಡ್ರಾ ಓಡುವ ಜಾಗಕ್ಕೆ, ಮೇಲ್ಗಡೆಗೂ ಸೇರಿಸಿ, ಮೆತ್ತನೆ ಪೆನ್ಸಿಲ್ ಉಜ್ಜಿ. ಡ್ರಾ ಒಳಗೆ ತಳ್ಳಿ, ಹೊರಗೆ ಎಳೆಯಿರಿ. ಅದರ ಮೇಲೆ ಕಪ್ಪು ಹತ್ತಿದ ಕಡೆ ಮಾತ್ರ ಹತ್ತರಿಯಲ್ಲಿ ತೆಳ್ಳನೆ ಒಂದು ಸಲ ಎಳೆದು, ಮತ್ತೆ ಹಾಕಿ ನೋಡಿ. ನಿಜವಾಗಿ ಉಜ್ಜುತ್ತಿರುವುದು ಒಂದು ಮೂಲೆಯೋ, ಹಿಂದಿನ ತುದಿಯೋ ಆಗಿರುತ್ತೆ. ಇಡೀ ಪಕ್ಕ ಕೀಸುವ ಅಗತ್ಯ ಅಪರೂಪ. ಕೊನೆಗೆ ಮೇಣದಬತ್ತಿ ಉಜ್ಜಿ. ಕೊಬ್ಬರಿ ಎಣ್ಣೆ ಮಾತ್ರ ಬೇಡ, ಧೂಳು ಕೂತು ಜಿಡ್ಡಾಗುತ್ತೆ.

ಮುಂದಿನ ಸಲಕ್ಕೆ ಇನ್ನೂ ಒಂದೆರಡು ಮಾತು. ಮೊದಲು ಹೊರ ಪೆಟ್ಟಿಗೆ ಮುಗಿಸಿ, ಎರಡೂ ಕರ್ಣ ಅಳೆದು ಸಮ ಇದೆಯಾ ನೋಡಿ. ಆಮೇಲೆ ಒಂದೊಂದು ಬಾಯಿಗೆ ಒಂದೊಂದು ಡ್ರಾ ಅಳೆದು ಮಾಡಿ, ತಳಕ್ಕೆ ನಂಬರ್ ಬರೆಯಿರಿ. ಮೂರನ್ನೂ ಒಂದೇ ಅಳತೆಗೆ ಕೊಯ್ದರೆ ಮೂರೂ ತೊಂದರೆ ಕೊಡುತ್ತವೆ. ಹಿಂಭಾಗ ಮುಂಭಾಗಕ್ಕಿಂತ ಅರ್ಧ ಮಿ.ಮೀ. ಕಿರಿದಾಗಿರಲಿ. ಅಗಲಕ್ಕಿಂತ ಆಳ ಜಾಸ್ತಿ ಇರುವ ಡ್ರಾ ನೇರ ಓಡುತ್ತೆ. ಅಗಲ ಜಾಸ್ತಿಯಾದರೆ ಒಂದು ಕಡೆ ಎಳೆದಾಗ ಓರೆಯಾಗಿ ಕಚ್ಚಿಕೊಳ್ಳುತ್ತೆ. 30 ಸೆಂ.ಮೀ. ಅಗಲ ಬೇಕಿದ್ದರೆ ಪಕ್ಕಪಕ್ಕ ಎರಡು ಮಾಡಿ.

ಒಂದು ಡ್ರಾ ತಳ್ಳಿದಾಗ ಪಕ್ಕದ್ದು ತಾನಾಗಿ ಹೊರಗೆ ಬಂದರೆ ಗಾಬರಿ ಬೇಡ. ಒಳಗಿನ ಗಾಳಿಗೆ ದಾರಿ ಇಲ್ಲದಷ್ಟು ಬಿಗಿಯಾಗಿ ಕೂರಿಸಿದ್ದೀರಿ ಅಂತ ಅರ್ಥ. ಬೆನ್ನು ಹಲಗೆಗೆ ಸಣ್ಣ ತೂತು ಕೊರೆಯಿರಿ. ನನಗೆ ಕೇಳಿದರೆ, ಹಾಗೇ ಬಿಟ್ಟು ನೆಂಟರಿಗೆ ತೋರಿಸಿ.

ಪ್ರಶ್ನೆ: ಪೆಟ್ಟಿಗೆ ಒಳಗೆ ಉಣ್ಣೆಯ ಫೆಲ್ಟ್ ಅಂಟಿಸಿದ ಮೇಲೆ ಬೆಳ್ಳಿ ಕಾಲ್ಗೆಜ್ಜೆ ಬೇಗ ಕಪ್ಪಾಗುತ್ತಿದೆ. ಮರದ ದೋಷವಾ? (ಮಂಡ್ಯ)

ಮರಕ್ಕಿಂತ ಬಟ್ಟೆ ಮೇಲೆ, ಅಂಟಿನ ಮೇಲೆ ನನಗೆ ಅನುಮಾನ. ಬೆಳ್ಳಿಯನ್ನು ಕಪ್ಪು ಮಾಡುವುದು ಗಂಧಕದ ಆವಿ. ಉಣ್ಣೆಯಲ್ಲೂ ರಬ್ಬರಿನಲ್ಲೂ ಗಂಧಕ ಇದೆ. ಫೆಲ್ಟ್ ಕಿತ್ತು, ಹತ್ತಿಯ ವೆಲ್ವೆಟ್ ಹಾಕಿ. ರಬ್ಬರ್ ಸೊಲ್ಯೂಷನ್ ಬದಲು ನೀರಿನಲ್ಲಿ ಕರಗುವ ಬಿಳಿ ಅಂಟು ಬಳಸಿ, ವಾಸನೆ ಪೂರ್ತಿ ಹೋಗುವವರೆಗೆ ಡ್ರಾ ತೆರೆದಿಡಿ. ಬೆಳ್ಳಿಯನ್ನು ಜಿಪ್ ಕವರ್‌ನಲ್ಲಿಡಿ, ಮುತ್ತನ್ನು ಮಾತ್ರ ಹತ್ತಿ ಬಟ್ಟೆಯಲ್ಲೇ ಸುತ್ತಿ. ಡ್ರಾ ಒಳಗೆ ಎಣ್ಣೆ ಪಾಲಿಶ್ ಬೇಡ, ಮುಚ್ಚಿದ ಜಾಗದಲ್ಲಿ ಕಮಟು ವಾಸನೆ ಬರುತ್ತೆ. ಅರಗಿನ ಫ್ರೆಂಚ್ ಪಾಲಿಶ್ ತೆಳುವಾಗಿ ಒಂದು ಕೈ ಹಚ್ಚಿ, ಇಲ್ಲವೇ ಬರಿ ಮರವೇ ಇರಲಿ.

ಪ್ರಶ್ನೆ: ಮುಚ್ಚಳದ ಮೇಲೆ ಮೈಸೂರು ಇನ್ಲೇ (ಮರದಲ್ಲಿ ತೋಡು ತೆಗೆದು ಬೇರೆ ಬಣ್ಣದ ತುಂಡು ಕೂರಿಸುವ ಕೆಲಸ) ಥರ ಆನೆ, ಹೂಬಳ್ಳಿ ನಾನೇ ಕೂರಿಸಬಹುದಾ? (ಕುವೆಂಪುನಗರ, ಮೈಸೂರು)

ಆನೆ ಬಿಡಿ, ಮೊದಲು ಒಂದು ಗೆರೆ ಕೂರಿಸಿ. ನಮ್ಮ ಬೀಟೆ ಇನ್ಲೇಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಇದೆ. ಹಿಂದೆ ದಂತ ಕೂರಿಸುತ್ತಿದ್ದರು. ಈಗ ಅದರ ಜಾಗಕ್ಕೆ ಬೇರೆ ಬೇರೆ ಬಣ್ಣದ ಮರ ಮತ್ತು ಪ್ಲಾಸ್ಟಿಕ್ ಬಂದಿದೆ. ಮಂಡಿ ಮೊಹಲ್ಲಾದಲ್ಲಿ ಕಸಬುದಾರರು ಕೆಲಸ ಮಾಡುವುದನ್ನು ಒಂದು ಗಂಟೆ ನಿಂತು ನೋಡಿದರೆ ಅರ್ಧ ಕಲಿತ ಹಾಗೆ.

ಮುಚ್ಚಳದ ಅಂಚಿನಿಂದ ಒಂದು ಬೆರಳು ಒಳಗೆ, 2 ಮಿ.ಮೀ. ಅಗಲದ ತೋಡು ತೆಗೆಯಿರಿ. ತೋಡಿನ ಎರಡೂ ಅಂಚಿನ ಗೆರೆಯನ್ನು ಮೊದಲು ಚೂಪಾದ ಚಾಕುವಿನಲ್ಲಿ ಗೀರಿ, ಆಮೇಲೆ ಉಳಿ ಹಾಕಿ. ಗೀರದೇ ಉಳಿ ಇಟ್ಟರೆ ಬೀಟೆ ಚಕ್ಕೆ ಏಳುತ್ತೆ. ತಿಳಿ ಬಣ್ಣದ ಮರದ ಪಟ್ಟಿ ಒಂದು ಚೂರು ಮೇಲೆ ಉಬ್ಬಿರುವಂತೆ ಅಂಟಿಸಿ, ಮರುದಿನ ಸಮ ಮಾಡಿ. ಸ್ಯಾಂಡ್‌ಪೇಪರ್ ಮೊದಲೇ ಉಜ್ಜಿದರೆ ಕರಿ ಬೀಟೆ ಪುಡಿ ಬಿಳಿ ಪಟ್ಟಿಯೊಳಗೆ ಇಳಿದು ಮಾಸಲಾಗುತ್ತೆ. ಉಳಿಯಲ್ಲಿ ಹೆರೆದು ತೆಗೆಯಿರಿ, ಫ್ರೆಂಚ್ ಪಾಲಿಶ್ ಒಂದು ಕೈ ಹಚ್ಚಿ, ಅದು ಒಣಗಿದ ಮೇಲೆ ನಯವಾದ ಪೇಪರ್ ಹಿಡಿಯಿರಿ.